ತಂಗಿಯ ಹೊಸ ಲ್ಯಾಪ್‌ಟಾಪ್, ನನ್ನ ಹಳೆಯ ಕಿವಿ

ಹೊಸ ಲ್ಯಾಪ್‌ಟಾಪ್ ತಗೋ ಎಂದು ನನ್ನ ತಂಗಿಗೆ ಹೇಳಿದವಳು ನಾನೇ. ಹೇಳಿದೆ ಎಂದರೆ ಒಂದು ಮಾತು ಹೇಳಿ ಸುಮ್ಮನಾದೆ ಎಂದಲ್ಲ. ಬೆಳಿಗ್ಗೆ ಸಂಜೆ ತಲೆ ತಿಂದೆ. ನನ್ನ ಬಾಯಿಯೇ ಹಾಗೆ. ಕಿವಿ ಮಂದವಾದವರಿಗೆ ಬಾಯಿ ಜೋರಾಗುತ್ತದೆ ಎಂದು ಅವಳೇ ಹೇಳುತ್ತಾಳೆ. ಅವಳಿಗೆ ಗೊತ್ತಿರಬೇಕು, ಅದೇ ಅವಳ ಕಸುಬು.

ತಂಗಿಯದು ಕಿವಿಯ ಮಿಷನ್ನಿನ ಅಂಗಡಿ. ಮುಂದೆ ಒಂದು ಮೇಜು, ಕಾಯುವವರಿಗೆ ಬೆಂಚು, ಗೋಡೆಯ ಮೇಲೆ ಕಿವಿಯನ್ನು ಸೀಳಿ ತೋರಿಸಿದ ಬಣ್ಣದ ಚಿತ್ರ, ಹಿಂದುಗಡೆ ಹೊರಗಿನ ಸದ್ದು ನುಗ್ಗದಂತೆ ಸ್ಪಂಜು ಬಡಿದ ಸಣ್ಣ ಗೂಡು. ಗೂಡಿನಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡುತ್ತಾಳೆ, ಮಿಷನ್ ಕೊಡುತ್ತಾಳೆ, ಆಮೇಲೆ ಆ ಮಿಷನ್ನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆಯಾ ಕಿವಿಗೆ ಬೇಕಾದ ಸದ್ದನ್ನು ಬೇಕಾದಷ್ಟು ಏರಿಸಿ ಇಳಿಸುತ್ತಾಳೆ. ಟ್ಯೂನ್ ಮಾಡುವುದು ಎಂದರೆ ಇದೇ. ಕಿವಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ, ಮಿಷನ್ನನ್ನೂ ಅದರ ಜೊತೆಜೊತೆಗೆ ಟ್ಯೂನ್ ಮಾಡುತ್ತಾ ಹೋಗಬೇಕು. ಅವಳು ಓದು ಮುಗಿಸಿ ಮೊಟ್ಟಮೊದಲು ಮಿಷನ್ ಕೂರಿಸಿದ್ದು ನನ್ನ ಕಿವಿಗೆ. ಅದೇ ಮಿಷನ್ ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೊಸದು ಹಾಕುತ್ತೇನೆ ಬಾ ಎಂದು ಅವಳು ಎಷ್ಟು ಸಲ ಕರೆದರೂ ನಾನು ಹೋಗಲಿಲ್ಲ. ಒಗ್ಗಿದ್ದು ಒಗ್ಗಿದೆ, ಬಿಡು ಎನ್ನುತ್ತಿದ್ದೆ. ನನ್ನ ಹಳೆಯದು ನನಗೆ ಬೇಕು, ಅವಳ ಹಳೆಯದು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ನೋಡಿ ನನ್ನ ನ್ಯಾಯ!

ಅವಳ ಹಳೆಯ ಲ್ಯಾಪ್‌ಟಾಪಿಗೆ ನಾವಿಟ್ಟ ಹೆಸರು ಇಟ್ಟಿಗೆ. ಕಚೇರಿಗಳಿಗೆಂದೇ ಮಾಡಿದ ದಪ್ಪ ಕಪ್ಪು ಜಾತಿ. ಬಿದ್ದರೆ ನೆಲಕ್ಕೇ ಪೆಟ್ಟು. ಮುಚ್ಚಳದ ಒಂದು ಕೀಲು ಮುರಿದಿದ್ದಕ್ಕೆ ಬ್ಯಾಂಡೇಜು ಸುತ್ತಿದ್ದಳು. ಗುಂಡಿ ಒತ್ತಿದರೆ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಿಕೊಳ್ಳುತ್ತಿತ್ತು. ಕಿವಿ ಪರೀಕ್ಷೆ ಮಾಡುವ ಜಾಗದಲ್ಲಿ ಗಿರಣಿ! ಒಮ್ಮೆ ಒಬ್ಬ ಮುದುಕ ಗೂಡಿನಿಂದ ತಲೆ ಹೊರಹಾಕಿ, "ಅಮ್ಮಾ, ಈ ಸದ್ದು ನನಗೆ ಚೆನ್ನಾಗಿ ಕೇಳ್ತಾ ಇದೆ. ಮತ್ತೆ ಮಿಷನ್ ಯಾಕೆ?" ಎಂದವನು ಎದ್ದು ಹೋಗಿಯೇಬಿಟ್ಟ.

ಅಷ್ಟರಲ್ಲಿ ರಸ್ತೆಯಾಚೆ ಇನ್ನೊಂದು ಕಿವಿಯ ಅಂಗಡಿ ತೆರೆಯಿತು. ತಾನಾಗಿ ಸರಿಯುವ ಗಾಜಿನ ಬಾಗಿಲು, ಒಳಗೆ ಸೋಫಾ, ಕುಂಡದಲ್ಲಿ ಗಿಡ, ಮೇಜಿನ ಮೇಲೆ ಬೆಳ್ಳಿ ಬಣ್ಣದ ತೆಳ್ಳನೆಯ ಲ್ಯಾಪ್‌ಟಾಪ್. ಅಂಗಡಿಯವನು ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಯಾರೇ ಬರಲಿ, ಎದ್ದು ಬಂದು ಕೈಕುಲುಕಿ ಕೂರಿಸುತ್ತಾನೆ. ತಂಗಿ ಅವನಿಗೆ ಎದುರಂಗಡಿ ಎಂದೇ ಹೆಸರಿಟ್ಟಳು. "ಇವತ್ತು ಎದುರಂಗಡಿ ನನ್ನ ನೋಡಿ ನಕ್ಕ ಅಕ್ಕ" ಎನ್ನುವಳು, ಅದೇನೋ ಅವನು ಕಲ್ಲೆಸೆದ ಹಾಗೆ. ಒಂದು ದಿನ ಅವಳ ಹಳೆಯ ಗಿರಾಕಿಯೊಬ್ಬರು ಆ ಗಾಜಿನ ಬಾಗಿಲಿನಿಂದ ಹೊರಬಂದು, ಇವಳನ್ನು ಕಂಡು ಮುಖ ತಿರುಗಿಸಿಕೊಂಡು ಹೋದರಂತೆ. ಹೇಳುವಾಗ ಅವಳ ಕಣ್ಣು ತುಂಬಿತ್ತು.

"ಮೊದಲು ಆ ಇಟ್ಟಿಗೆ ಎಸಿ" ಎಂದೆ. "ಗಿರಾಕಿ ಮುಂದೆ ಅದನ್ನ ತೆಗೆಯೋಕೆ ನಿನಗೆ ನಾಚಿಕೆ ಆಗಲ್ವಾ? ನೋಡೋಕೆ ನನಗೇ ಆಗುತ್ತೆ."

"ಕೆಲಸ ಮಾಡುತ್ತಲ್ಲಕ್ಕ."

"ಕತ್ತೆನೂ ಕೆಲಸ ಮಾಡುತ್ತೆ. ಅದನ್ನ ಮೇಜಿನ ಮೇಲೆ ಕೂರಿಸ್ತಾರಾ?"

ಹೀಗೆ ಚುಚ್ಚಿ ಚುಚ್ಚಿಯೇ ಅವಳನ್ನು ಹೊರಡಿಸಿದೆ. ಇಟ್ಟಿಗೆಯನ್ನು ಹೊತ್ತದ್ದೂ ನಾನೇ, ನನ್ನ ಬಟ್ಟೆಯ ಚೀಲದಲ್ಲಿ. ಹಳೆಯದು ಕೊಟ್ಟರೆ ಹೊಸದು ಕೊಡುವ ಅಂಗಡಿ. ಅಲ್ಲಿನ ಹುಡುಗಿ ಅದನ್ನು ಎರಡು ಕೈಯಲ್ಲಿ ಎತ್ತಿ, "ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟಿದ್ರೆ ಅವರೇ ನಿಮಗೆ ಸನ್ಮಾನ ಮಾಡ್ತಾ ಇದ್ರು" ಎಂದಳು. ಆಮೇಲೆ ಅವಳೇ ಪಾಪ ಎಚ್ಚರಿಸಿದಳು: "ಹಳೇದರಲ್ಲಿ ಏನಾದ್ರೂ ಬೇಕಿದ್ರೆ ಈಗಲೇ ನೋಡ್ಕೊಳ್ಳಿ. ನಾವು ಇದನ್ನ ಬಿಚ್ಚಿ ಬಿಡಿಭಾಗ ಮಾಡಿಬಿಡ್ತೀವಿ."

ತಂಗಿ ಇಟ್ಟಿಗೆಯ ಬೆನ್ನ ಮೇಲೆ ಕೈ ಇಟ್ಟು ಏನೋ ಯೋಚಿಸುತ್ತಾ ನಿಂತಳು. ಅವಳ ಹುಬ್ಬು ಗಂಟಿಕ್ಕಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳಿಗೆ ಹೊಳೆಯುತ್ತಿತ್ತೋ ಏನೋ. ನಾನು ಬಿಡಬೇಕಲ್ಲ.

"ಏನೇ ಅದು, ಮಗಳನ್ನ ಗಂಡನ ಮನೆಗೆ ಕಳಿಸ್ತಾ ಇದೀಯಾ? ಕೊಟ್ಟು ಬಾ" ಎಂದೆ. ಅಂಗಡಿಯವರೆಲ್ಲ ನಕ್ಕರು. ಅವಳೂ ನಕ್ಕು ಕೈ ತೆಗೆದಳು.

ಹೊಸದು ಬಂದ ಮೇಲೆ ಅವಳ ಅಂಗಡಿಗೆ ಕಳೆ ಬಂತು, ಸುಳ್ಳೇಕೆ ಹೇಳಲಿ. ಸದ್ದಿಲ್ಲ, ಗದ್ದಲವಿಲ್ಲ, ತೆರೆದರೆ ಕನ್ನಡಿಯ ಹಾಗೆ ಬೆಳಕು. ಅವಳು ಅದನ್ನು ಬೇಕೆಂದೇ ಎದುರಂಗಡಿಯ ಕಡೆ ಮುಖ ಮಾಡಿ ಇಟ್ಟುಕೊಂಡಳು. ನಾನೂ ಆಗಾಗ ಹೋಗಿ ಅದರ ಮೇಲಿನ ಇಲ್ಲದ ಧೂಳು ಒರೆಸಿ ಬರುತ್ತಿದ್ದೆ.

ಒಂದೇ ಒಂದು ಸಂಗತಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನನ್ನ ಮಿಷನ್ ಎಷ್ಟು ಹಳೆಯದೆಂದರೆ, ಅದನ್ನು ಟ್ಯೂನ್ ಮಾಡುವ ವೈರಿನ ತುದಿ ಸಾಲುಸಾಲು ಸೂಜಿಗಳಿರುವ ಅಗಲ ಬಾಯಿ. ಅದು ಕೂರುವ ಜಾಗ ಇಟ್ಟಿಗೆಯ ಬೆನ್ನಿನಲ್ಲಿ ಮಾತ್ರ ಇತ್ತು. ಹೊಸದರಲ್ಲಿ ಇದ್ದದ್ದು ಇರುವೆ ನುಗ್ಗುವಷ್ಟು ಸಣ್ಣ ತೂತುಗಳು. ಹೇಗೋ ಜೋಡಿಸಿದರೂ ಆ ಹಳೆಯ ಪ್ರೋಗ್ರಾಮು ಹೊಸದರಲ್ಲಿ ತೆರೆಯುವುದೇ ಇಲ್ಲ. ಅವಳ ಬೇರೆ ಗಿರಾಕಿಗಳೆಲ್ಲ ಯಾವತ್ತೋ ಹೊಸ ಮಿಷನ್ನಿಗೆ ಬದಲಾಗಿದ್ದರು. ಆ ಜಾತಿಯದನ್ನು ಇನ್ನೂ ಕಿವಿಯಲ್ಲಿ ಇಟ್ಟುಕೊಂಡಿದ್ದವಳು ನಾನೊಬ್ಬಳೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ತಂಗಿಗೆ ಹಿತ್ತಲಲ್ಲಿ ಗಿಡವಿರುವುದೇ ಮರೆತುಹೋಗಿತ್ತು. ಹೊಸದಕ್ಕೆ ಹಳೆಯ ಪ್ರೋಗ್ರಾಮುಗಳನ್ನು ಹಾಕಲು ಕೂತಾಗ ಅವಳಿಗೆ ಗೊತ್ತಾಗಿ, ಇಟ್ಟಿಗೆ ಕೊಟ್ಟ ಅಂಗಡಿಗೆ ಓಡಿದ್ದಾಳೆ. ಅಷ್ಟರಲ್ಲಿ ಇಟ್ಟಿಗೆಯ ಹೊಟ್ಟೆ ಬಗೆದಾಗಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ಅವಳು ಬಾಯಿ ಬಿಡಲಿಲ್ಲ. ಅಕ್ಕನ ಮಿಷನ್ ಟ್ಯೂನ್ ಮಾಡಿ ಇನ್ನೂ ವರ್ಷವಾಗಿಲ್ಲ, ಸದ್ಯಕ್ಕೆ ಬೇಕಾಗುವುದಿಲ್ಲ, ಅಷ್ಟರೊಳಗೆ ಎಲ್ಲಿಂದಾದರೂ ಒಂದು ಹಳೆಯದನ್ನು ಹುಡುಕಿದರಾಯಿತು ಎಂದುಕೊಂಡಳಂತೆ.

ಬೇಕಾಗದೆ ಇರುತ್ತದೆಯೇ? ಅದೇ ತಿಂಗಳು ಬೇಕಾಯಿತು.

ನಾನು ಶಿಶುವಿಹಾರದಲ್ಲಿ ಆಯಾ. ಇನ್ನೂ ಕೂರಲು ಬಾರದ ಕೂಸುಗಳ ಕೋಣೆ ನನ್ನದು. ಗೋಡೆಯುದ್ದಕ್ಕೂ ಸರಳುಗಳಿರುವ ಪುಟ್ಟ ಮಂಚಗಳು, ಒಂದೊಂದರಲ್ಲೂ ಒಬ್ಬೊಬ್ಬ ಚಕ್ರವರ್ತಿ. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅದಕ್ಕೆ ಯಾರಾದರೂ ಅಯ್ಯೋ ಪಾಪ ಎಂದರೆ ನನಗೆ ಮೈ ಉರಿಯುತ್ತದೆ. ನಾನು ಎತ್ತಿದಷ್ಟು ಮಕ್ಕಳನ್ನು ಯಾವ ಹೆತ್ತವಳೂ ಎತ್ತಿಲ್ಲ. ಆ ಕೋಣೆಯೊಂದು ಹೋದರೆ ನನಗೆ ಇನ್ನೇನೂ ಇಲ್ಲ. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಕೂಸುಗಳಿಗೆಲ್ಲ ನಾನು ಅಡ್ಡಹೆಸರು ಇಟ್ಟಿದ್ದೇನೆ. ಒಬ್ಬಳು ಸೈರನ್, ಅವಳು ಅತ್ತರೆ ಬೀದಿ ನಾಯಿ ಎದ್ದು ಕೂರುತ್ತದೆ. ಒಬ್ಬ ಮುನಿ. ಮುನಿ ಬಾಯಿಬಿಟ್ಟು ಅಳುವುದೇ ಇಲ್ಲ, ಮೂಗಿನೊಳಗೇ ಕುಯ್ ಎನ್ನುತ್ತಾನೆ. ಆ ಕುಯ್ ಇದೆಯಲ್ಲ, ಅದೇ ನನ್ನ ಕಿವಿಯಿಂದ ಜಾರಿದ್ದು. ದಪ್ಪ ದನಿಗಳು ನನಗೆ ಚೆನ್ನಾಗಿ ಸಿಗುತ್ತವೆ, ಸಣ್ಣ ದನಿಗಳು ತಪ್ಪಿಹೋಗುತ್ತವೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಾ ಕೂತಿದ್ದೆ. ನನ್ನ ಬೆನ್ನ ಹಿಂದೆ ಮುನಿಯ ಕಾಲು ಸರಳುಗಳ ಮಧ್ಯೆ ಸಿಕ್ಕಿಕೊಂಡಿದೆ, ಅವನು ಕುಯ್ ಕುಯ್ ಎಂದು ಒದ್ದಾಡುತ್ತಿದ್ದಾನೆ, ನಾನು ಮಾತ್ರ ಅಂಗಿಯ ತೋಳು ನೀವುತ್ತಿದ್ದೇನೆ. ಒಳಗೆ ಬಂದ ಮೇಡಂ ಓಡಿಹೋಗಿ ಅವನನ್ನು ಬಿಡಿಸಿದರು. ಮೇಡಂ ಎಂದರೆ ಶಿಶುವಿಹಾರದ ಒಡತಿ. ಒಳ್ಳೆಯವರು, ದನಿ ಮಾತ್ರ ಡೋಲು.

"ನಿಮ್ಮ ಬೆನ್ನ ಹಿಂದೆನೇ ಮಗು ಅಳ್ತಾ ಇದೆಯಲ್ರೀ! ಕೇಳಿಸ್ಲಿಲ್ವಾ?"

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮುನಿಯ ಕಾಲಿನ ಮೇಲೆ ಸರಳಿನ ಕೆಂಪು ಗೆರೆ ಮೂಡಿತ್ತು.

ಅವರು ಕೂಗಾಡಲಿಲ್ಲ. ಕೂರಿಸಿ ಹೇಳಿದರು. "ಇವರ ತಾಯಂದಿರಿಗೆ ನಾನೇನ್ ಉತ್ತರ ಕೊಡ್ಲಿ? ಮುಂದಿನ ಶುಕ್ರವಾರ ಕಿವಿ ಪರೀಕ್ಷೆ ಮಾಡಿಸೋಣ, ನಾನೂ ಬರ್ತೀನಿ. ನಿಮ್ಮ ತಂಗಿ ಹತ್ರ ಬೇಡ, ತಂಗಿ ಅಕ್ಕನಿಗೆ ಕೆಟ್ಟ ರಿಪೋರ್ಟ್ ಕೊಡ್ತಾಳಾ? ಅವರ ಎದುರಿಗೇ ಇನ್ನೊಂದು ಅಂಗಡಿ ಇದೆಯಲ್ಲ, ಅಲ್ಲಿ. ಮಿಷನ್ ಹಾಕ್ಕೊಂಡು ನಿಮಗೆ ಸರಿಯಾಗಿ ಕೇಳ್ಸುತ್ತೆ ಅಂದ್ರೆ ಈ ಕೋಣೆ ನಿಮ್ಮದೇ. ಇಲ್ಲ ಅಂದ್ರೆ ಕೂಸುಗಳ ಹತ್ರ ನಿಮ್ಮನ್ನ ಬಿಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ."

ಬೇಜಾರು ಎಂಥದು, ನನ್ನ ಹತ್ತಿರ ಮದ್ದಿತ್ತಲ್ಲ! ಮಿಷನ್ ಸ್ವಲ್ಪ ಇಳಿದಿದೆ, ತಂಗಿ ಏರಿಸುತ್ತಾಳೆ, ಅಷ್ಟೇ ಕತೆ ಎಂದುಕೊಂಡು ಸೋಮವಾರ ಸಂಜೆ ನೆಟ್ಟಗೆ ಅವಳ ಅಂಗಡಿಗೆ ಹೋದೆ.

ಬೆಂಚಿನ ಮೇಲೆ ಗಿರಾಕಿಗಳಿದ್ದರು. ಚೆನ್ನಾಗಿ ಉಟ್ಟು ತೊಟ್ಟ ಗಂಡ ಹೆಂಡತಿ, ನಡುವೆ ಅವರ ತಾಯಿ. ತೆಗೆದುಕೊಳ್ಳೋಣವೋ ಬೇಡವೋ, ಇಲ್ಲೋ ಎದುರಿಗೋ ಎಂದು ತೂಗುತ್ತಾ ಕೂತ ಮುಖಗಳು. ನಾನು ವಿಷಯ ಹೇಳಿದೆ. ತಂಗಿಯ ಮುಖ ಸುಣ್ಣವಾಯಿತು. ನನ್ನ ಕೆಲಸ ಹೋಗುವ ಭಯಕ್ಕೆ ಹಾಗಾಯಿತು ಎಂದುಕೊಂಡು ನನಗೆ ಅವಳ ಮೇಲೆ ಅಕ್ಕರೆ ಉಕ್ಕಿತು.

"ನಾಳೆ ಬಾ ಅಕ್ಕ" ಎಂದಳು.

"ನಾಳೆ ಯಾಕೆ? ಐದು ನಿಮಿಷದ ಕೆಲಸ."

"ಇವರು ಕಾಯ್ತಾ ಇದ್ದಾರೆ."

ನಾನು ಸುಮ್ಮನಿರಬೇಕೋ ಬೇಡವೋ? ಬಾಯಿದ್ದವಳು ಬದುಕಿಯಾಳು ಎನ್ನುತ್ತಾರೆ, ನನ್ನ ಬಾಯಿ ನಮ್ಮಿಬ್ಬರನ್ನೂ ಮುಳುಗಿಸಿತು. ಗಿರಾಕಿಗಳ ಕಡೆ ತಿರುಗಿ, "ನೀವೇ ನೋಡಿ ಬೇಕಾದ್ರೆ. ಇವಳ ಕೈ ತಾಗಿದ್ರೆ ಸಾಕು, ಕಲ್ಲಿಗೂ ಕಿವಿ ಬರುತ್ತೆ. ಈಗಂತೂ ಹೊಸ ಲ್ಯಾಪ್‌ಟಾಪ್ ಬೇರೆ ತಂದಿದ್ದಾಳೆ, ಎದುರಿಗಿರೋದಕ್ಕಿಂತ ಒಂದು ಕೈ ಮೇಲೆ!" ಎಂದುಬಿಟ್ಟೆ. ಆ ಹೆಂಗಸು ಆಸೆಯಿಂದ ಮುಂದಕ್ಕೆ ಸರಿದು ಕೂತಳು. ಮೂರು ಜೊತೆ ಕಣ್ಣುಗಳು ತಂಗಿಯ ಕೈಯ ಮೇಲೆ.

ತಂಗಿ ನನ್ನ ಕಿವಿಯಿಂದ ಮಿಷನ್ ತೆಗೆದು ವೈರು ಸಿಕ್ಕಿಸಿದಳು. ವೈರಿನ ಇನ್ನೊಂದು ತುದಿ ಹೊಸ ಲ್ಯಾಪ್‌ಟಾಪಿನ ಹಿಂದೆ ಹೋಯಿತು. ಅಲ್ಲಿಂದ ಅದು ಎಲ್ಲಿಗೆ ಹೋಯಿತು ಎಂದು ನಾನು ಎದ್ದು ನೋಡಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ, ಸುಮ್ಮನೆ ಮೇಜಿನ ಮೇಲೆ ಬಿದ್ದಿತ್ತು. ಅವಳು ಟಕಟಕ ಏನೇನೋ ಒತ್ತಿದಳು, ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಬಂದು ಹೋದವು. ಮಿಷನ್ನನ್ನು ಮತ್ತೆ ನನ್ನ ಕಿವಿಗಿಟ್ಟು, "ಈಗ ಹೇಗಿದೆ ಅಕ್ಕ?" ಎಂದು ಗಟ್ಟಿಯಾಗಿ ಕೇಳಿದಳು.

ಹೇಗೂ ಇರಲಿಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಪ್ರತಿ ಸಲ ಟ್ಯೂನ್ ಮಾಡಿದಾಗ ಚೀಲದ ಸರಪರ, ಬೆರಳ ತಿಕ್ಕಾಟ ಎಲ್ಲ ಒಮ್ಮೆಗೇ ಎದ್ದು ಬರುತ್ತವೆ. ಈ ಸಲ ಏನೂ ಬರಲಿಲ್ಲ. ತಂಗಿಯ ಹಣೆಯಲ್ಲಿ ಬೆವರಿತ್ತು. ಗಿರಾಕಿಗಳು ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ಹೊಗಳಿ ಈಗ ಏನೂ ಆಗಿಲ್ಲ ಎಂದರೆ ಅವಳ ಮಾನ ಬೀದಿಪಾಲು.

"ಆಹಾ! ಗಂಟೆ ಹೊಡೆದ ಹಾಗೆ ಕೇಳ್ತಾ ಇದೆ ಕಣೇ" ಎಂದೆ.

ಆ ಗಿರಾಕಿಗಳು ಅಲ್ಲೇ ತಾಯಿಯ ಎರಡೂ ಕಿವಿಗೆ ಮಿಷನ್ ತೆಗೆದುಕೊಂಡರು. ಅವಳ ಸುಳ್ಳು ನನಗೆ ಗೊತ್ತಿರಲಿಲ್ಲ, ನನ್ನ ಸುಳ್ಳು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಚೆನ್ನಾಗಿಯೇ ನಾಟಕವಾಡಿದೆವು. ಮನೆಗೆ ನಡೆದುಹೋಗುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಟ್ಯೂನ್ ಮಾಡಿದ ಮೇಲೂ ಇಷ್ಟೇ ಎಂದರೆ ಮಿಷನ್ನಿನ ತಪ್ಪಲ್ಲ, ನನ್ನ ಕಿವಿಯೇ ಸತ್ತಿದೆ. ಸತ್ತದ್ದನ್ನು ಯಾರು ಏರಿಸುತ್ತಾರೆ?

ಆ ವಾರ ನಾನು ಬದುಕಿದ ರೀತಿ ಯಾರಿಗೂ ಬೇಡ. ತಂಗಿಗೆ ಹೇಳಿದರೆ ಅವಳ ಕೈಗುಣಕ್ಕೆ ಕುಂದು, ಮೇಡಂಗೆ ಹೇಳಿದರೆ ಕೋಣೆ ಹೋಯಿತು. ಮಂಚಗಳನ್ನೆಲ್ಲ ಹತ್ತಿರ ಹತ್ತಿರ ಎಳೆದುಕೊಂಡು ನಡುವೆ ಕೂತೆ. ಸರಳುಗಳ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದೆ. ಕೂಸು ಒದ್ದಾಡಿದರೆ ಸರಳು ಅದುರುತ್ತದೆ, ಅದರಿಂದ ಗೊತ್ತಾಗುತ್ತದೆ. ಬಾಯಿ ತೆರೆದಿದೆಯೇ, ಮುಖ ಕೆಂಪಾಗಿದೆಯೇ ಎಂದು ಒಂದೊಂದನ್ನೇ ನೋಡುತ್ತಿದ್ದೆ. ಬಟ್ಟೆ ಮಡಿಸುವುದನ್ನೇ ಬಿಟ್ಟೆ. ಇಷ್ಟು ಕಾವಲಿದ್ದರೆ ಕಿವಿ ಯಾಕೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಹಾಲು ಬಿಸಿಮಾಡಲು ಎದ್ದುಹೋಗಿದ್ದೆ. ಹಾಲು ಉಕ್ಕಿತು, ಒರೆಸಿ, ಬಾಟಲಿ ತುಂಬಿ ಬರುವಷ್ಟರಲ್ಲಿ ತಡವಾಯಿತು. ಬಂದು ನೋಡಿದರೆ ಮುನಿ ಮಗುಚಿಬಿದ್ದು ಹಾಸಿಗೆಗೆ ಮುಖ ಒತ್ತಿಕೊಂಡಿದ್ದಾನೆ. ಎತ್ತಿದೆ. ಮುಖವೆಲ್ಲ ಕಣ್ಣೀರು, ಜೊಲ್ಲು. ತುಟಿಯ ಸುತ್ತ ಬಣ್ಣ ಬದಲಾಗಿತ್ತು. ಬಿಕ್ಕಿ ಬಿಕ್ಕಿ ಅವನ ಎದೆ ನನ್ನ ಎದೆಯ ಮೇಲೆ ಹಾರುತ್ತಿತ್ತು. ಎಷ್ಟು ಹೊತ್ತು ಕರೆದಿದ್ದನೋ ಕಂದ. ಪಕ್ಕದ ಕೋಣೆಯಲ್ಲಿ ನಾನು ಹಾಲಿಗೆ ಬೈಯುತ್ತಾ ನಿಂತಿದ್ದೆ.

ಬೆನ್ನು ಸವರಿದೆ, ಬಣ್ಣ ಮರಳಿತು. ಆಮೇಲೆ ನಾನು ಮಾಡಿದ್ದು ಇಷ್ಟು: ಅವನ ಮುಖ ತೊಳೆದೆ, ಒದ್ದೆಯಾದ ಹೊದಿಕೆ ಬದಲಾಯಿಸಿದೆ, ಹಾಲು ಕುಡಿಸಿ ಮಲಗಿಸಿದೆ. ಸಂಜೆ ಮೇಡಂ ಬಾಗಿಲಲ್ಲಿ ನಿಂತು, "ಇವತ್ತೆಲ್ಲ ಸರಿಯಾ?" ಎಂದರು. "ಎಲ್ಲಾ ಸರಿ ಮೇಡಂ" ಎಂದೆ. ಮುನಿಯ ತಾಯಿ ಬಂದು ಅವನನ್ನು ಎತ್ತಿಕೊಂಡು, "ಎಷ್ಟು ಜಾಣ, ಗಲಾಟೇನೇ ಇಲ್ಲ ಅಲ್ವಾ?" ಎಂದಾಗ ನಾನು ನಕ್ಕೆ ಕೂಡ. ನಕ್ಕ ಬಾಯಿಗೆ ಹುಳ ಬೀಳಬೇಕಿತ್ತು.

ಅತ್ತ ತಂಗಿ ಆ ವಾರವೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿಗಾಗಿ ಸಿಕ್ಕಸಿಕ್ಕವರಿಗೆ ಫೋನು ಮಾಡಿದ್ದಾಳೆ. ಎಲ್ಲರೂ ಅವಳ ಹಾಗೆಯೇ ಕೊಟ್ಟು ಹೊಸದು ತಂದವರೇ. ಒಬ್ಬನನ್ನು ಮಾತ್ರ ಕೇಳಲಿಲ್ಲ. ರಸ್ತೆ ದಾಟಿ ಅವನ ಗಾಜಿನ ಬಾಗಿಲ ಮುಂದೆ ಕೈಚಾಚಲು ಅವಳ ಕಾಲು ಏಳಲಿಲ್ಲ.

ಶುಕ್ರವಾರ ಮೂವರೂ ಎದುರಂಗಡಿಗೆ ಹೋದೆವು. ಮೇಡಂ, ನಾನು, ನನ್ನ ತಂಗಿ. ಅವಳು ಬರುವುದಿಲ್ಲ ಎಂದಿದ್ದಳು, ನಾನೇ ಎಳೆದುಕೊಂಡು ಹೋದೆ. ಸೋಫಾ ತುಂಬಿತ್ತು. ಕಾಯುತ್ತಿದ್ದವರಲ್ಲಿ ಒಂದಿಬ್ಬರು ತಂಗಿಯ ಹಳೆಯ ಗಿರಾಕಿಗಳು, ಅವಳನ್ನು ಕಂಡು ಕಾಲ ಬುಡ ನೋಡಿಕೊಂಡರು. ಎದುರಂಗಡಿಯವನು ಎದ್ದುಬಂದು ಅವಳ ಕೈಕುಲುಕಿದ. ಅವಳು ಇಂಗು ತಿಂದ ಮಂಗನ ಹಾಗೆ ನಿಂತಿದ್ದಳು.

ಗಾಜಿನ ಗೂಡಿನಲ್ಲಿ ಕೂತೆ. ಸದ್ದು ಕೇಳಿದಾಗ ಬೆರಳೆತ್ತಬೇಕು. ದಪ್ಪ ಸದ್ದಿಗೆಲ್ಲ ಎತ್ತಿದೆ. ಆಮೇಲೆ ಬಹಳ ಹೊತ್ತು ಬೆರಳು ತೊಡೆಯ ಮೇಲೆಯೇ ಇತ್ತು. ಸದ್ದೇ ಬರುತ್ತಿಲ್ಲವೋ, ಬಂದದ್ದು ನನಗೆ ಕೇಳುತ್ತಿಲ್ಲವೋ ಎಂದು ಗಾಜಿನಾಚೆ ಅವನ ಮುಖ ನೋಡಿದೆ. ಅವನು ಮುಖ ತಗ್ಗಿಸಿಕೊಂಡಿದ್ದ. ಅಲ್ಲಿಗೆ ತಿಳಿಯಿತು.

ಹೊರಗೆ ಬಂದು ಕೂತ ಮೇಲೆ ಅವನು ನಮ್ಮೆದುರು ಕುರ್ಚಿ ಎಳೆದುಕೊಂಡು, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದ. "ಮಿಷನ್ ಹಾಕ್ಕೊಂಡ್ರೂ ಸಣ್ಣ ಸದ್ದು ಸಿಗ್ತಾ ಇಲ್ಲ. ಕೊನೇ ಸಲ ಟ್ಯೂನ್ ಆಗಿದ್ದು ಯಾವಾಗ?"

"ಈ ಸೋಮವಾರ. ನನ್ನ ತಂಗಿನೇ ಮಾಡಿದ್ದು" ಎಂದೆ.

ಅವನು ತಂಗಿಯನ್ನು ನೋಡಿದ. ತಂಗಿ ಗೋಡೆ ನೋಡಿದಳು. ಅವನು ನಿಟ್ಟುಸಿರು ಬಿಟ್ಟು ಮೇಡಂಗೆ ಹೇಳಿದ, "ಸರಿಯಾಗಿ ಟ್ಯೂನ್ ಮಾಡಿದ ಮೇಲೂ ಇಷ್ಟೇ ಅಂದ್ರೆ ಕಿವಿ ಅಷ್ಟಕ್ಕೇ ಬಂದಿದೆ ಅಂತ ಅರ್ಥ. ಹಾಗೇ ಬರೆದು ಸಹಿ ಮಾಡಿಕೊಡ್ತೀನಿ." ಮೇಡಂ ನನ್ನ ಕೈಯ ಮೇಲೆ ಕೈ ಇಟ್ಟರು. ಅದು ಸಾಂತ್ವನದ ಕೈ. ನನ್ನ ಕೋಣೆ ಹೋಯಿತು ಎಂದು ಆ ಕೈ ಹೇಳಿತು.

ಆಗ ತಂಗಿ ನನ್ನ ತೋಳು ಹಿಡಿದು ಎಳೆದಳು. ಹೊರಗೆ ಬಾ ಎನ್ನುವ ಹಾಗೆ ಕಣ್ಣು ಮಾಡಿದಳು.

"ಎಲ್ಲಿಗೇ? ಕೂತ್ಕೋ" ಎಂದೆ.

ಅವಳು ನನ್ನ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದಳು. ಬಿಸಿಯುಸಿರು ತಾಗಿತು, ಮಾತು ತಾಗಲಿಲ್ಲ. "ಏನು?" ಎಂದೆ. ಇನ್ನೊಮ್ಮೆ ಹೇಳಿದಳು. ತುಟಿ ನಡುಗುತ್ತಿತ್ತು, ತುಟಿ ಓದಲೂ ಆಗಲಿಲ್ಲ. ಆಚೆ ಅವನು ಪೆನ್ನು ತೆಗೆದುಕೊಂಡು ಬರೆಯತೊಡಗಿದ್ದ. ನನಗೆ ರೇಗಿತು. "ಹೇಳೋದಿದ್ರೆ ಜೋರಾಗಿ ಹೇಳೇ! ಕಿವುಡಿ ಅಂತ ಈಗಷ್ಟೇ ತೀರ್ಮಾನ ಆಗಿದೆ, ಗೊತ್ತಿಲ್ವಾ ನಿನಗೆ?"

ಅವಳು ಅವನ ಪೆನ್ನು ನೋಡಿದಳು, ಸೋಫಾದ ತುಂಬ ಕೂತವರನ್ನು ನೋಡಿದಳು. ಆಮೇಲೆ ಎದ್ದು ನಿಂತು ಕಿರುಚಿದಳು.

"ಟ್ಯೂನ್ ಮಾಡ್ಲೇ ಇಲ್ಲ ಕಣಕ್ಕಾ! ಸುಮ್ನೆ ನಾಟಕ ಆಡ್ದೆ! ಇಟ್ಟಿಗೆ ಕೊಟ್ಟುಬಿಟ್ವಲ್ಲ, ಅದಿಲ್ಲದೆ ನಿನ್ನ ಮಿಷನ್ ಟ್ಯೂನ್ ಮಾಡೋಕಾಗಲ್ಲ! ಗಿರಾಕಿ ಮುಂದೆ ಹೇಳೋಕೆ ನಾಚಿಕೆ ಆಯ್ತು! ನಿನ್ನ ಕಿವಿಗೇನೂ ಆಗಿಲ್ಲ, ತಪ್ಪೆಲ್ಲ ನಂದು!"

ಅಲ್ಲಿ ಕಾಯುತ್ತಿದ್ದವರೆಲ್ಲ ಕಿವಿ ಮಂದದವರು. ಅಷ್ಟು ಜನಕ್ಕೂ ಕೇಳಿಸಿತು. ಒಬ್ಬ ಮುದುಕ ತನ್ನ ಮಿಷನ್ನನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ತಂಗಿಯ ಕತ್ತಿನ ನರಗಳು ಉಬ್ಬಿದ್ದವು, ಮುಖ ಕೆಂಡವಾಗಿತ್ತು.

ಎದುರಂಗಡಿಯವನು ಪೆನ್ನು ಕೆಳಗಿಟ್ಟ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಒಳಗೆ ಹೋಗಿ ಕಪಾಟು ತೆಗೆದು, ಎರಡೂ ಕೈಯಲ್ಲಿ ಒಂದು ದಪ್ಪ ಕಪ್ಪು ಲ್ಯಾಪ್‌ಟಾಪ್ ಹೊತ್ತು ತಂದ. "ಹಳೇ ಮಿಷನ್‌ಗಳಿಗೆ ಅಂತ ಒಂದು ಇಟ್ಕೊಂಡೇ ಇದೀವಿ" ಎಂದು ತಂಗಿಗೆ ಹೇಳಿದ. "ರಸ್ತೆ ದಾಟಿ ಒಂದು ಮಾತು ಕೇಳಿದ್ರೆ ನಾನೇ ತಂದುಕೊಡ್ತಾ ಇದ್ದೆ. ಬನ್ನಿ, ಈಗಲೇ ನೀವೇ ಟ್ಯೂನ್ ಮಾಡಿ. ಆಮೇಲೆ ಇನ್ನೊಂದ್ ಸಲ ಪರೀಕ್ಷೆ ಮಾಡೋಣ." ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು; ಈ ಮಾತಿಗೆ ಅವಳಿಗೆ ತಲೆಯೆತ್ತಲು ಆಗಲಿಲ್ಲ.

ನನ್ನ ಕಿವಿ ಸತ್ತಿಲ್ಲ! ಮೊದಲು ನನಗೆ ಹೊಳೆದದ್ದು ಅಷ್ಟೇ. ಆ ಹಿಗ್ಗಿನ ಹಿಂದೆಯೇ ಸಿಟ್ಟು ಎದ್ದು ಬಂತು. ಒಂದು ವಾರ ನನ್ನನ್ನು ಎಂಥ ನರಕದಲ್ಲಿ ಕೂರಿಸಿದ್ದೆಯೇ ಎಂದು ಅವಳ ಕಿವಿ ಹಿಂಡಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ನನ್ನ ಕೈಯ ಮೇಲಿದ್ದ ತಮ್ಮ ಕೈ ತೆಗೆದುಕೊಂಡಿದ್ದರು.

"ಒಂದು ನಿಮಿಷ" ಎಂದರು ಅವರು, ನನ್ನ ಕಡೆ ತಿರುಗಿ. "ಟ್ಯೂನ್ ಆಗೇ ಇರ್ಲಿಲ್ಲ ಅಂದ್ರೆ, ಈ ವಾರವೆಲ್ಲ ಮಕ್ಕಳು ಅತ್ತದ್ದು ನಿಮಗೆ ಕೇಳಿಸ್ತಾನೇ ಇರ್ಲಿಲ್ವಾ? ದಿನಾ ಸಂಜೆ ಕೇಳಿದಾಗ ಎಲ್ಲಾ ಸರಿ ಅಂದ್ರಲ್ಲ?"

ಡೋಲಿನಂಥ ದನಿ, ಪಕ್ಕದಲ್ಲೇ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಹಾಸಿಗೆಗೆ ಒತ್ತಿಕೊಂಡಿದ್ದ ಮುನಿಯ ಮುಖ ಕಣ್ಣ ಮುಂದೆ ಬಂತು. ತಂಗಿ ಇಷ್ಟು ಜನರ ಮುಂದೆ ಗಂಟಲು ಹರಿದುಕೊಂಡು ನಿಜ ಹೇಳಿ ಇನ್ನೂ ಏದುಸಿರು ಬಿಡುತ್ತಾ ನಿಂತಿದ್ದಳು. ನಾನು ಕಿರುಚಬೇಕಾಗಿಯೂ ಇರಲಿಲ್ಲ, ಮೆಲ್ಲಗೆ ಹೌದು ಎಂದಿದ್ದರೆ ಸಾಕಿತ್ತು.

ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, "ಏನಂದ್ರಿ ಮೇಡಂ?" ಎಂದೆ.

ತಂಗಿ ಗಕ್ಕನೆ ನನ್ನ ಕಡೆ ತಿರುಗಿದಳು. ನನಗೆ ಯಾವ ದನಿ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವಳು ಅವಳು. ನನ್ನ ಮುಖವನ್ನೇ ನೋಡಿದಳು. ನಾನು ಕಿವಿಯ ಹಿಂದಿನ ಕೈ ತೆಗೆಯಲಿಲ್ಲ. ಆಮೇಲೆ ಅವಳು ಮೇಡಂ ಕಡೆ ತಿರುಗಿ, "ಅಕ್ಕನಿಗೆ ಕೇಳಿಸ್ಲಿಲ್ಲ ಮೇಡಂ" ಎಂದಳು.

ಕಿರುಚಿದ ದನಿ ಅವಳಿಗಿನ್ನೂ ಇಳಿದಿರಲಿಲ್ಲ. ಅದೂ ನನಗೆ ಕೇಳಿಸಿತು.